ತೊಟ್ಟಿಲಿಗೆ ವಿಮೆ

ಹೋದ ತಿಂಗಳು ನಮ್ಮ ಬಾಜು ಮನೆಯವರು ಮನೆ ಬದಲಿಸಿದರು. ಸಾಮಾನು ಸಾಗಿಸುವ ಕಂಪನಿಯವರು ಬಂದು, ವಿಮೆಯಲ್ಲಿ ಎರಡು ನಮೂನೆ ಇವೆ, ನಿಮಗೆ ಯಾವುದು ಬೇಕು ಎಂದು ಕೇಳಿದರಂತೆ. ಇವರಿಗೆ ಏನೂ ತೋಚದೆ ನನ್ನ ಹತ್ತಿರ ಬಂದರು. ನಾನು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ದುಡಿದು ನಿವೃತ್ತನಾದವನು. ಎಮ್ಮೆಗೆ ಬಿದಿರಿನ ಗೊಟ್ಟದಿಂದ ಔಷಧ ಕುಡಿಸುವುದು ಬಿಟ್ಟರೆ ಬೇರೆ ಯಾವ ವಿದ್ಯೆಯೂ ನನಗೆ ಪೂರ್ತಿ ಬರುವುದಿಲ್ಲ. ಆದರೂ ತಲೆ ಬೆಳ್ಳಗಾದವನನ್ನು ಕಂಡರೆ ಜನ ಸಲಹೆ ಕೇಳುತ್ತಾರೆ, ಕೇಳಿದರಲ್ಲ ಎಂದು ನಾನೂ ಹೇಳುತ್ತೇನೆ. ಯಾವುದನ್ನಾದರೂ ತಗೊಳ್ಳಿ, ಆದರೆ ಸಾಮಾನಿನ ಯಾದಿ ಬರೆಯುವವರು ಮನೆಯೊಳಗೆ ಬಂದಾಗ ಎಲ್ಲರೂ ಜೋರಾಗಿ ಮಾತಾಡುತ್ತಿರಿ ಎಂದೆ. ಅವರು ನಕ್ಕರು, ಇದ್ಯಾವ ಸಲಹೆ ಎಂದು ಕೇಳಿದರು. ನಾನು ಏನೋ ಹಾರಿಕೆಯ ಮಾತು ಹೇಳಿ ಕಳಿಸಿದೆ. ಅಂದು ಮಧ್ಯಾಹ್ನ ನನಗೆ ನಿದ್ದೆ ಬರಲಿಲ್ಲ. ಮಧ್ಯಾಹ್ನದ ನಿದ್ದೆ ತಪ್ಪಿದರೆ ನನ್ನಂಥವನಿಗೆ ಹಳೆಯದೆಲ್ಲ ನೆನಪಾಗುತ್ತದೆ, ನೆನಪಾದದ್ದನ್ನು ನಿಮ್ಮಂಥವರ ಮುಂದೆ ಹೇಳದಿದ್ದರೆ ಅನ್ನ ಅರಗುವುದಿಲ್ಲ.

ಎಂಬತ್ತರ ದಶಕದ ಮಾತು. ನಾನು ಆಗ ನವಲಗುಂದದ ದನದ ದವಾಖಾನೆಯಲ್ಲಿದ್ದೆ. ಬ್ಯಾಂಕಿನ ಸಾಲದಲ್ಲಿ ತಂದ ಎಮ್ಮೆಗಳಿಗೆಲ್ಲ ವಿಮೆ ಮಾಡಿಸುತ್ತಿದ್ದ ಕಾಲ. ವಿಮೆಯಾದ ಎಮ್ಮೆಯ ಕಿವಿಗೆ ನಂಬರಿನ ಬಿಲ್ಲೆ ಹೊಡೆಯುವುದು ನನ್ನ ಕೆಲಸ. ಎಮ್ಮೆ ಸತ್ತರೆ ಬಿಲ್ಲೆಯಿದ್ದ ಕಿವಿಯನ್ನು ಕೊಯ್ದು ತಂದು ತೋರಿಸಬೇಕು. ಕಿವಿ ಇದ್ದರೆ ವಿಮೆ, ಇಲ್ಲದಿದ್ದರೆ ಎಮ್ಮೆಯೇ ಇರಲಿಲ್ಲ ಎಂದು ಲೆಕ್ಕ. ಹೀಗಾಗಿ ನಮ್ಮ ದವಾಖಾನೆಗೆ ಆಗಾಗ ಕಿವಿಗಳು ಬರುತ್ತಿದ್ದವು. ಕೆಲವು ಟಾವೆಲ್ಲಿನಲ್ಲಿ, ಕೆಲವು ಪೇಪರಿನಲ್ಲಿ, ಒಮ್ಮೆ ಊಟದ ಡಬ್ಬಿಯಲ್ಲಿ. ಆ ಡಬ್ಬಿಯನ್ನು ನಾನು ನನ್ನದೇ ಎಂದು ತಿಳಿದು ಬಿಚ್ಚಿದ್ದೆ. ಅಂದಿನಿಂದ ನನ್ನ ಡಬ್ಬಿಗೆ ಕೆಂಪು ದಾರ ಕಟ್ಟತೊಡಗಿದೆ.

ಈ ಕಿವಿಗಳನ್ನು ನೋಡಿ ವರದಿ ಬರೆಯಲು ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಏಜೆಂಟ್ ದಾವಲಸಾಬರು ಬರುತ್ತಿದ್ದರು. ತೆಳ್ಳಗೆ, ಉದ್ದಕ್ಕೆ ಇದ್ದ ಮನುಷ್ಯ. ಚಾಳೀಸಿನ, ಅಂದರೆ ಕನ್ನಡಕದ, ಒಂದು ಕಡ್ಡಿ ಮುರಿದಿದ್ದಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು. ಅವರದೊಂದೇ ಮಾತು: "ನಾ ನೋಡಿದ್ದನ್ನ ಬರೀತೀನ್ರಿ, ಕೇಳಿದ್ದನ್ನ ಬರಿಯೂದಿಲ್ಲ." ಸತ್ತ ಎಮ್ಮೆಯ ಬಗ್ಗೆ ಹತ್ತು ಜನ ಆಣೆ ಮಾಡಿ ಹೇಳಿದರೂ ಕಿವಿಯನ್ನು ಕಣ್ಣಾರೆ ಕಾಣದೆ ಪೆನ್ನು ಎತ್ತುತ್ತಿರಲಿಲ್ಲ. ಒಮ್ಮೆ ಯಮನೂರಿನ ಕಡೆಯ ಮುದುಕನೊಬ್ಬ ಕಿವಿ ತಂದವನು ಅದನ್ನು ಕೊಡಲೇ ಒಲ್ಲ. ಬೆಂಚಿನ ಮೇಲೆ ಕೂತು ಮಡಿಲಲ್ಲಿಟ್ಟುಕೊಂಡು ಕೂದಲು ಸವರುತ್ತಿದ್ದ. ನೋಡಿ ಆದ ಮೇಲೆ ಹೊಳ್ಳಿ ಕೊಡುತ್ತೀರೇನು, ಉಳಿದದ್ದನ್ನು ಹುಗಿದಲ್ಲೇ ಇದನ್ನೂ ಇಡಬೇಕು, ಅರ್ಧಂಬರ್ಧ ಬಿಟ್ಟರೆ ಅದು ಹುಡುಕಿಕೊಂಡು ಬರುತ್ತದೆ ಎಂದ. ನಾವು ಯಾರೂ ನಗಲಿಲ್ಲ. ದಾವಲಸಾಬರು ಬಿಲ್ಲೆಯನ್ನಷ್ಟೇ ಕತ್ತರಿಸಿಕೊಂಡು, ಕಾಯಿದೆಯಲ್ಲಿ ಇಲ್ಲದಿದ್ದರೂ, ಕಿವಿಯನ್ನು ಅವನ ಕೈಯಲ್ಲಿ ಹೊಳ್ಳಿ ಇಟ್ಟರು.

ಅಂಥದರ ನಡುವೆ ನನಗೆ ದೇವಿಕೊಪ್ಪಕ್ಕೆ ವರ್ಗವಾಯಿತು. ನವಲಗುಂದದ ಕಪ್ಪು ಎರೆನೆಲ ಬಿಟ್ಟು, ಹುಬ್ಬಳ್ಳಿ, ಕಲಘಟಗಿ ದಾಟಿ ಅಡವಿಯ ಬದಿಯ ಕೆಂಪು ಮಣ್ಣಿನ ಊರು. ನನಗೇನೂ ಬೇಸರವಿರಲಿಲ್ಲ. ಮನೆಯಲ್ಲಿದ್ದವರು ಮೂರೇ ಜನ, ನಾನು, ನಮ್ಮವ್ವ, ನನ್ನ ಹೆಂಡತಿ ಗಿರಿಜಾ. ಇನ್ನೊಬ್ಬಳು ಇರಬೇಕಿತ್ತು. ಹಿಂದಿನ ಶ್ರಾವಣದಲ್ಲಿ ನಮಗೊಂದು ಹೆಣ್ಣು ಹುಟ್ಟಿತ್ತು. ಗಿರಿಜಾಳಿಗೆ ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ ಆಯಿತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಗೊತ್ತು ಮಾಡಿದ್ದೆವು. ಕೂಸು ಹನ್ನೊಂದನೆಯ ದಿನ ಹೋಯಿತು. ಊರ ಹೊರಗೆ ಹಳ್ಳದ ದಂಡೆಯಲ್ಲಿ ನಾನೂ ನೆರೆಯವರೊಬ್ಬರೂ ಮಣ್ಣು ಮಾಡಿ ಬಂದೆವು. ಆವತ್ತಿನಿಂದ ಗಿರಿಜಾ ಅತ್ತದ್ದನ್ನು ನಾನು ನೋಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮಾಡುವ ಕೆಲಸ ಮಾಡುತ್ತಿದ್ದಳು, ಅಷ್ಟೇ.

ವರ್ಗದ ಆದೇಶ ಬಂದ ದಿನ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸುದ್ದಿ ಹೇಳಿದೆ. ಕೈ ನಿಲ್ಲಿಸದೆ, ತಲೆ ಎತ್ತದೆ ಅಂದಳು:

"ನೀವು, ಅತ್ತಿಯಾರು ಹೋಗ್ರಿ. ಅಕಿ ಒಬ್ಬಾಕಿನ್ನ ಇಲ್ಲಿ ಬಿಟ್ಟು ನಾ ಬರೂದಿಲ್ಲ."

ನಾನು ಏನಾದರೂ ಹೇಳಬೇಕಿತ್ತು. ಗಂಡ ಎನ್ನುವವನು ಅಂಥ ಹೊತ್ತಿನಲ್ಲಿ ಏನೋ ಒಂದು ಹೇಳುತ್ತಾನೆ. ನನಗೆ ಎಮ್ಮೆಯ ಬಾಯಿ ತೆಗೆಸುವುದು ಗೊತ್ತಿತ್ತು, ಹೆಂಡತಿಯ ಬಾಯಿ ತೆಗೆಸುವುದು ಗೊತ್ತಿರಲಿಲ್ಲ. ಸುಮ್ಮನೆ ಹೊರಗೆ ಬಂದು, ಕೈಲಾಗುವ ಕೆಲಸ ಯಾವುದಿದೆ ಎಂದು ಯೋಚಿಸಿ, ಸಾಮಾನಿಗೆ ವಿಮೆ ಮಾಡಿಸಲು ನಿರ್ಧರಿಸಿದೆ. ಹೆಂಡತಿ ಬರುತ್ತಾಳೋ ಇಲ್ಲವೋ ಗೊತ್ತಿಲ್ಲದವನು ಹೆಂಡತಿಯ ಹಂಡೆಗೆ ವಿಮೆ ಮಾಡಿಸಹೊರಟ. ನಗಬೇಕೆನಿಸಿದರೆ ನಕ್ಕುಬಿಡಿ. ಆಗಿನ ನನ್ನ ಹೆದರಿಕೆ ಮಾತ್ರ ನಗುವಂಥದಾಗಿರಲಿಲ್ಲ. ಅವಳನ್ನು ಬಿಟ್ಟು ಹೋಗಬೇಕಾದೀತು, ಅಥವಾ ಕರೆದೊಯ್ದರೂ ಅವಳು ಅರ್ಧ ಇಲ್ಲೇ ಉಳಿದುಬಿಟ್ಟಾಳು ಎಂಬ ಹೆದರಿಕೆ ಅದು.

ದಾವಲಸಾಬರು ಎರಡು ನಮೂನೆ ವಿವರಿಸಿದರು. ಮೊದಲನೆಯದು ಸೋವಿ, ಕಂತು ಕಡಿಮೆ. ಲಾರಿ ಉರುಳಿದರೆ, ಸುಟ್ಟರೆ, ಹಳ್ಳದಲ್ಲಿ ಹೋದರೆ ಮಾತ್ರ ಪರಿಹಾರ. ಎರಡನೆಯದು ತುಟ್ಟಿ. ಒಂದು ಚಹಾದ ಬಸಿ ಬಿರುಕು ಬಿಟ್ಟರೂ, ಒಂದು ಸೌಟು ಕಳೆದರೂ ಕೊಡುತ್ತಾರೆ. ಆದರೆ ಅದಕ್ಕೆ ಮನೆಯ ಪ್ರತಿಯೊಂದು ವಸ್ತುವನ್ನೂ ಏಜೆಂಟರು ಖುದ್ದು ನೋಡಿ ಯಾದಿ ಮಾಡಬೇಕು. ಮಾರುವವರು ಸಾಮಾನ್ಯವಾಗಿ ತುಟ್ಟಿಯದನ್ನೇ ತೋರಿಸುತ್ತಾರೆ, ಇವರು ಸೋವಿಯದನ್ನೇ ಮುಂದೆ ಮಾಡಿದರು.

"ಮನಿ ಸಾಮಾನಕ್ಕ ಮೊದಲನೇದು ಸಾಕ್ರಿ ಕಂಪೌಂಡರ್ ಸಾಹೇಬ್ರ. ಎಮ್ಮಿ ನೋಡೂದು ಬ್ಯಾರೆ, ಮನಿ ನೋಡೂದು ಬ್ಯಾರೆ. ಮಂದಿ ಮನ್ಯಾಗ ಏನೇನ ಇರ್ತಾವೋ ಏನೋ."

ಅವರು ನಾಚಿಕೆಯಿಂದ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ. ನಾನು ಎರಡನೆಯದನ್ನೇ ಹಿಡಿದೆ. ಒಂದು ಬಸಿಯೂ ಕಳೆಯಬಾರದು ಎಂಬ ಹಟ ಎಲ್ಲಿಂದ ಬಂದಿತ್ತೆಂದು ಈಗ ತಿಳಿಯುತ್ತದೆ, ಆಗ ತಿಳಿದಿರಲಿಲ್ಲ.

ಅವ್ವ ಕೇಳಿ ಹೌಹಾರಿದಳು. ಬದುಕಿದ್ದವರ ಮನೆಯ ಸಾಮಾನನ್ನು ಯಾರಾದರೂ ಬರೆಯುತ್ತಾರೇನು, ಹಿರಿಯರು ಸತ್ತು ಮಕ್ಕಳು ಪಾಲಾಗುವಾಗ ಬರೆಯುವುದು ಅದು ಎಂದಳು. ಅವಳ ಮಾತು ಸುಳ್ಳಲ್ಲ. ಅಣ್ಣಿಗೇರಿಯಲ್ಲಿ ನಮ್ಮ ಅಜ್ಜ ತೀರಿಕೊಂಡ ಮೇಲೆ ಕಾಕಾಗಳೆಲ್ಲ ಪಡಸಾಲೆಯಲ್ಲಿ ಕೂತು ಸಾಮಾನು ಬರೆಸಿದ್ದು ನನಗೆ ನೆನಪಿದೆ. ನಾನಾಗ ಮೂರನೆಯ ಇಯತ್ತೆಯಲ್ಲಿದ್ದೆ. ಒಬ್ಬರು ತಾಮ್ರದ ಕೊಡ ಎನ್ನುವುದು, ಇನ್ನೊಬ್ಬರು ಬರೆಯುವುದು, ಮೂಲೆಯಲ್ಲಿ ಅಜ್ಜಿ ಬೆನ್ನು ತಿರುಗಿಸಿ ಕೂತಿರುವುದು. ಬರೆದ ವಸ್ತು ಸಂಜೆಯಷ್ಟರಲ್ಲಿ ಮನೆಯಲ್ಲಿ ಇರುತ್ತಿರಲಿಲ್ಲ. ಬರೆಯುವುದರಿಂದಲೇ ಅವು ಮಾಯವಾಗುತ್ತವೆ ಎಂದು ನಾನು ತಿಳಿದೆ. ನನ್ನ ಪಾಟಿಯನ್ನು ಬರೆದುಬಿಟ್ಟಾರು ಎಂದು ಹೆದರಿ ಜೋಳದ ಹಗೇವಿನ ಮುಚ್ಚಳದ ಕೆಳಗೆ ಅಡಗಿಸಿಟ್ಟೆ. ಪಾಟಿ ಉಳಿಯಿತು, ಆದರೆ ಸಾಲೆಯಲ್ಲಿ ಪಾಟಿ ಇಲ್ಲದ್ದಕ್ಕೆ ನಾಲ್ಕು ದಿನ ಅಂಗೈ ಮೇಲೆ ಛಡಿ ಏಟು ತಿಂದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಅವ್ವನ ಮಾತು ಕೇಳಲಿಲ್ಲ. ಕಲಿತವನ ಸೊಕ್ಕು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ದಾವಲಸಾಬರು ಬರುವುದೆಂದಾಯಿತು. ಮುಂಜಾನೆ ಅಟ್ಟದಿಂದ ಎಲ್ಲವನ್ನೂ ಇಳಿಸಿದೆವು. ಅದರಲ್ಲಿ ತೊಟ್ಟಿಲೂ ಇತ್ತು. ಕಲಘಟಗಿಯ ಬಣ್ಣದ ತೊಟ್ಟಿಲು, ನಮ್ಮಪ್ಪ, ನಾನು, ಎಲ್ಲರೂ ಮಲಗಿದ್ದು. ಶ್ರಾವಣದಲ್ಲಿ ಒರೆಸಿ, ಹಗ್ಗ ಹೊಸದು ಮಾಡಿ ಇಟ್ಟಿದ್ದೆವು, ಕಟ್ಟುವ ಪ್ರಸಂಗ ಬರಲಿಲ್ಲ. ಅದು ಕೆಳಗೆ ಬಂದದ್ದೇ ಅವ್ವ ಅಡ್ಡ ನಿಂತಳು. ಅಟ್ಟದಲ್ಲಿದ್ದರೆ ಅದು ಕಟ್ಟಿಗೆ, ನೆಲಕ್ಕೆ ಬಂದರೆ ತೊಟ್ಟಿಲು, ತೊಟ್ಟಿಲು ಬರಿದಾಗಿ ಇರಕೂಡದು, ಅದರಲ್ಲೂ ಬರಿದಾಗಿ ತೂಗಕೂಡದು. ನಾಳೆ ಲಾರಿಯಲ್ಲಿ ಇಡೀ ದಾರಿ ತೂಗುತ್ತದೆ. ಬರಿಯ ತೊಟ್ಟಿಲು ತೂಗಿದ ಮನೆಯಲ್ಲಿ ಮತ್ತೆ ಕೂಸು ಆಡುವುದಿಲ್ಲ ಎಂದಳು.

ಅವಳು ಅಡುಗೆಮನೆಗೆ ಹೋಗಿ ಖಾರ ಅರೆಯುವ ಗುಂಡುಕಲ್ಲನ್ನು ತಂದಳು. ನಮ್ಮ ಕಡೆ ಹೆಸರಿಡುವ ದಿನ ಮಾಡುವುದು ನಿಮಗೆ ಗೊತ್ತಿರಬೇಕು. ಗುಂಡುಕಲ್ಲನ್ನು ತೊಳೆದು, ಅರಿವೆಯಲ್ಲಿ ಸುತ್ತಿ, ಕುಂಚಿಗೆ ಕಟ್ಟಿ, ಕಾಡಿಗೆಯ ಬೊಟ್ಟಿಟ್ಟು ಕೂಸಿಗಿಂತ ಮೊದಲು ಅದನ್ನು ತೊಟ್ಟಿಲಿಗೆ ಹಾಕುತ್ತಾರೆ. ಕೂಸಿಗೆ ತಾಗಬೇಕಾದ ಕೆಟ್ಟದ್ದು ಕಲ್ಲಿಗೆ ತಾಗಲಿ ಎಂದು. ಕಂತು ಕಟ್ಟದೆ ನಮ್ಮ ಹಿರಿಯರು ಮಾಡಿಸಿಕೊಂಡ ವಿಮೆ ಅದು. ಅದಕ್ಕೂ ಒಂದು ಷರತ್ತಿದೆ. ತೊಟ್ಟಿಲಲ್ಲಿರುವಷ್ಟು ಹೊತ್ತು ಅದನ್ನು ಯಾರೂ ಕಲ್ಲು ಎನ್ನಬಾರದು, ಕೂಸು ಎನ್ನಬೇಕು. ಕಲ್ಲು ಎಂದುಬಿಟ್ಟರೆ, ಕೇಳಿಸಿಕೊಳ್ಳಬಾರದವರು ಕೇಳಿಸಿಕೊಂಡು ಬಿಡುತ್ತಾರೆ. ನಮ್ಮ ಕೂಸಿಗೆ ಈ ಕಲ್ಲು ಹಾಕುವುದಾಗಿರಲಿಲ್ಲ, ಎರಡು ದಿನ ಕಡಿಮೆ ಬಿದ್ದಿತ್ತು. ಅವ್ವ ಸುತ್ತುತ್ತಿರುವಾಗ ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ, ಹೊಲಿದು ಇಟ್ಟಿದ್ದ ಸಣ್ಣ ಕೌದಿಯನ್ನು ತಂದುಕೊಟ್ಟಳು.

ಮಿರ್ಗದ, ಅಂದರೆ ಮೃಗಶಿರಾ ಮಳೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ, ಗಾಳಿ ಪೂರ್ತಿ ನಿಂತಿತ್ತು. ದಾವಲಸಾಬರು ಬಂದರು. ಅಡುಗೆಮನೆಯಿಂದ ಶುರು ಮಾಡಿದರು. ನಾನು ಹೇಳುವುದು, ಅವರು ಮುಟ್ಟಿ ನೋಡುವುದು, ಬರೆಯುವುದು. ಹಂಡೆ ಒಂದು. ಕೊಪ್ಪರಿಗೆ ಒಂದು. ಅರೆಯುವ ಕಲ್ಲು ಒಂದು, ಗುಂಡು ಸಹಿತ. ನೋಡದೆ ಬರೆಯದ ಮನುಷ್ಯ, ಆದರೂ ಗುಂಡು ಎಲ್ಲಿ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ನಮ್ಮ ದನಿ ಖಾಲಿ ಗೋಡೆಗಳಿಗೆ ಬಡಿದು ದೊಡ್ಡದಾಗಿ ಕೇಳುತ್ತಿತ್ತು.

ಪಡಸಾಲೆಗೆ ಬಂದ ಕೂಡಲೇ ಅವರ ದನಿ ತಟ್ಟನೆ ಇಳಿಯಿತು. ತೊಟ್ಟಿಲನ್ನು ಕಂಡಿದ್ದರು. ಪಿಸುಮಾತಿನಲ್ಲಿ ನನಗೆ, ಮೊದಲೇ ಹೇಳಬಾರದೇನು, ಇಷ್ಟು ಹೊತ್ತು ಒದರಿದೆವಲ್ಲ ಎಂದರು. ನಾನು ಬಾಯಿ ತೆರೆದೆ. ಗೋಡೆಗೆ ಆತು ಕೂತಿದ್ದ ಅವ್ವ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ. ದಾವಲಸಾಬರು ತುದಿಗಾಲಲ್ಲಿ ಹೋಗಿ ತೊಟ್ಟಿಲ ಮೇಲೆ ಬಗ್ಗಿದರು. ಕೌದಿಯ ಅಂಚನ್ನು ಒಂದು ಬೆರಳಿನಿಂದ ಸರಿಸಿದರು. ಈಗ ತಿಳಿಯುತ್ತದೆ, ಈಗ ನಗುತ್ತಾರೆ ಎಂದು ನಾನು ಕಾದೆ. ಅವರು ನಗಲಿಲ್ಲ. ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೌದಿಯನ್ನು ಮೊದಲಿದ್ದ ಹಾಗೆಯೇ ಹೊದಿಸಿ, ಅವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಎಷ್ಟ ದಿನದ್ದರೀ ಅವ್ವಾರ ಕೂಸು?"

ಒಳಗಿನಿಂದ ಗಿರಿಜಾ ಹೇಳಿದಳು:

"ಹನ್ನೊಂದು."

ದಾವಲಸಾಬರು ತಲೆಯಾಡಿಸಿ ಏನನ್ನೋ ಬರೆದುಕೊಂಡರು. ಅಲ್ಲಿಂದ ಮುಂದೆ ಎಲ್ಲವೂ ಪಿಸುಮಾತಿನಲ್ಲೇ ನಡೆಯಿತು. ಪಿಸುಗುಟ್ಟುತ್ತಾ ಮಂಚ ಬರೆದೆವು, ಪಿಸುಗುಟ್ಟುತ್ತಾ ಟ್ರಂಕು ಬರೆದೆವು. ಗಡಿಯಾರ ಬರೆಯುವಾಗ ಅದು ಹೊಡೆದೀತೆಂದು ನಾನೇ ಹೋಗಿ ಲೋಲಕ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ, ಯಾರಿಗೆ ಎಚ್ಚರವಾದೀತೆಂದು ಇದನ್ನು ಮಾಡಿದೆ ಎಂದು ನನ್ನನ್ನೇ ಕೇಳಿಕೊಂಡೆ. ಹಗ್ಗ ಕೊಡಲು ಬಂದ ನೆರೆಯವರೂ ಹೊಸ್ತಿಲಲ್ಲೇ ದನಿ ತಗ್ಗಿಸಿದರು. ಅವರು ನನ್ನ ಜೊತೆ ಹಳ್ಳದ ದಂಡೆಗೆ ಬಂದಿದ್ದವರು, ನಮ್ಮ ಮನೆಯಲ್ಲಿ ಕೂಸಿಲ್ಲವೆಂದು ನನ್ನಷ್ಟೇ ಬಲ್ಲವರು.

ದಾವಲಸಾಬರು ಯಾದಿಯ ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಊರು ಮುಟ್ಟಿದ ಮೇಲೆ ಬಿಚ್ಚಿ ಸಾಮಾನು ತಾಳೆ ನೋಡಿ, ಸಹಿ ಮಾಡಿ ಲಾರಿಯವನ ಕೈಯಲ್ಲಿ ಕೊಟ್ಟು ಕಳಿಸಿ ಎಂದು ಹೇಳಿ ಹೋದರು. ಅವರು ಹೋದ ಮೇಲಾದರೂ ದನಿ ಏರಬೇಕಿತ್ತು. ಏರಲಿಲ್ಲ. ಅವ್ವ ಕೂಡ ಪಿಸುಮಾತಿನಲ್ಲೇ ರೊಟ್ಟಿ ತಿನ್ನಲು ಕರೆದಳು. ಅವಳೇ ಹೂಡಿದ ಆಟ, ಆದರೆ ತೊಟ್ಟಿಲ ಹತ್ತಿರ ಹಾಯುವಾಗ ಅವಳೂ ಅದರ ಕಡೆ ನೋಡದೆ ಹಾಯುತ್ತಿದ್ದಳು. ಗಿರಿಜಾ ಮಾತ್ರ ಅಂದು ಹೊಟ್ಟೆ ತುಂಬ ಉಂಡಳು. ಕೈ ತೊಳೆದು ಬಂದು, ನಾಳೆ ನಾನೂ ಬರುತ್ತೇನೆ ಎಂದಳು. ಹತ್ತು ತಿಂಗಳಲ್ಲಿ ಅವಳ ಮುಖ ಅಷ್ಟು ತಿಳಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ಒಲ್ಲೆ ಎಂದಾಗ ಆದದ್ದಕ್ಕಿಂತ ಹೆಚ್ಚು ಹೆದರಿಕೆ ನನಗೆ ಆಗ ಆಯಿತು.

ಆ ರಾತ್ರಿ ಮಿರ್ಗದ ಮೊದಲ ಮಳೆ ಬಿತ್ತು. ಬೆಳಗಾದಾಗ ತೊಟ್ಟಿಲು ಬರಿದಾಗಿತ್ತು, ಗಿರಿಜಾ ಮನೆಯಲ್ಲಿರಲಿಲ್ಲ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಓಣಿಯ ತಿರುವಿನಲ್ಲಿ ಕಂಡಳು. ಟೊಂಕದ ಮೇಲೆ ಕೌದಿಯ ಗಂಟು, ಸೆರಗಿನಲ್ಲಿ ತಲೆಯ ಭಾಗ ಮುಚ್ಚಿ, ಬೆನ್ನು ತಟ್ಟುತ್ತಾ ನಡೆದು ಬರುತ್ತಿದ್ದಳು. ಕಾಲಿಗೆ ಎರೆಮಣ್ಣು ಮೀನಖಂಡದ ತನಕ ಮೆತ್ತಿತ್ತು. ಎದುರು ಬಂದ ಹೆಂಗಸೊಬ್ಬಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಎಲ್ಲಿಗೆ ಹೋಗಿದ್ದಿ ಎಂದು ಕೇಳಿದೆ. ಭೆಟ್ಟಿಯಾಗಿ ಬಂದೆ ಎಂದಳು. ಯಾರಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಹೆಂಡತಿ ಕಲ್ಲನ್ನು ಎತ್ತಿಕೊಂಡು ಊರು ಸುತ್ತುವಂತಾದಳು, ಅದಕ್ಕೆ ನಾನೂ ನನ್ನ ಯಾದಿಯೂ ಕಾರಣ ಎಂದುಕೊಂಡೆ.

ಲಾರಿ ಬಂತು. ಗಂಟನ್ನು ತೊಟ್ಟಿಲಿಗೆ ಹಾಕಲು ಗಿರಿಜಾ ಒಪ್ಪಲಿಲ್ಲ, ಮಡಿಲಲ್ಲೇ ಒಯ್ಯುತ್ತೇನೆ ಎಂದಳು. ಹಾಗಾದರೆ ತೊಟ್ಟಿಲು ಬರಿದಾಯಿತಲ್ಲ ಎಂದು ನಾನು ಅವ್ವನನ್ನು ನೋಡಿದೆ. ಅವಳು ಅರೆಗಳಿಗೆ ಯೋಚಿಸಿ, ಬೋರಲು ಹಾಕಿ ಕಟ್ಟಿರಿ, ಬೋರಲು ಬಿದ್ದದ್ದು ತೊಟ್ಟಿಲಲ್ಲ ಎಂದಳು. ಈ ಕಾಯಿದೆ ನಿನ್ನೆಯೇ ನೆನಪಾಗಿದ್ದರೆ ಏನಾಗುತ್ತಿತ್ತು ಎಂದು ಅನಿಸಿತು. ಚಾಲಕ ಹಳಿಯಾಳದ ಕಡೆಯವನು, ಹಸನ್ಮುಖಿ. ತೊಟ್ಟಿಲನ್ನು ನೋಡಿ, ಕಲಘಟಗಿ ತೊಟ್ಟಿಲು ತವರಿಗೆ ಹೊರಟಿದೆ ಎಂದು ನಗೆಯಾಡಿದ. ಆಮೇಲೆ ಗಿರಿಜಾಳ ಮಡಿಲು ನೋಡಿದ. ಕೂಸಿದೆ ಎಂದು ಏಜೆಂಟರು ಹೇಳಿದ್ದಾರೆ, ಮೆಲ್ಲಗೆ ಹೊಡೆಯುತ್ತೇನೆ ಎಂದ. ಆಮೇಲೆ ಕಲಘಟಗಿಯ ತನಕ ಹಾರ್ನ್ ಒತ್ತಲಿಲ್ಲ.

ಮುಂದೆ ಚಾಲಕ, ಅವನ ಬಾಜು ಅವ್ವ, ಆಮೇಲೆ ಗಿರಿಜಾ, ಬಾಗಿಲಿಗೆ ಆತು ನಾನು. ಹುಬ್ಬಳ್ಳಿ ದಾಟಿದ ಮೇಲೆ ರಸ್ತೆ ಒಣಗಿತ್ತು, ಅಲ್ಲಿ ಮಳೆಯೇ ಬಿದ್ದಿರಲಿಲ್ಲ. ಆದರೂ ಗಾಡಿಯೊಳಗೆ ಹಸಿಮಣ್ಣಿನ ವಾಸನೆ ಇತ್ತು. ಅದು ಹೊರಗಿನಿಂದ ಬರುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಒಂದು ಕಡೆ ಗುಂಡಿಗೆ ಗಾಲಿ ಇಳಿದು ಲಾರಿ ಜಗ್ಗಿತು. ಗಿರಿಜಾಳ ಮಡಿಲಲ್ಲಿದ್ದ ಗಂಟು ನಡುವಿನಲ್ಲಿ ಮಣಿಯಿತು. ಮಣಿದು, ಅವಳ ತೋಳಿನ ಮೇಲೆ ಒರಗಿತು.

ನಾನು ಎಷ್ಟೋ ಸಲ ಆ ಗುಂಡುಕಲ್ಲನ್ನು ಎತ್ತಿ ಇಟ್ಟವನು. ಕಲ್ಲು ಮಣಿಯುವುದಿಲ್ಲ. ಕೈ ಚಾಚಿ ಮುಟ್ಟಿ ನೋಡಬೇಕೆನಿಸಿತು. ಬೆಚ್ಚಗಿದ್ದರೆ ಏನು ಮಾಡಲಿ ಎನಿಸಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವ್ವನೂ ನೋಡಿದ್ದಳು. ಅವಳ ತುಟಿ ಶಿವನಾಮಕ್ಕೆ ಅಲುಗಾಡುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ಗಿರಿಜಾ ಕೌದಿಯನ್ನು ಸರಿಮಾಡಿ, ಹೊರಗಿನ ಗಿಡಮರ ನೋಡುತ್ತಾ ಕೂತಳು.

ದೇವಿಕೊಪ್ಪದ ಮನೆಯ ಅಂಗಳ ಕೆಂಪಗೆ, ಗುಡಿಸಿಟ್ಟು ಸ್ವಚ್ಛವಾಗಿತ್ತು. ಚಾಲಕ ಊರವರಿಬ್ಬರನ್ನು ಕರೆದು ಸಾಮಾನು ಇಳಿಸಿದ. ನಾನು ಲಕೋಟೆ ಬಿಚ್ಚಿ ಯಾದಿ ತಾಳೆ ನೋಡುತ್ತಾ ಗುರುತು ಹಾಕತೊಡಗಿದೆ. ಯಾದಿ ಕೈಗೆ ಬಂದ ಕೂಡಲೇ ನನಗೆ ಸ್ವಲ್ಪ ಜೀವ ಬಂದಂತಾಯಿತು. ಬಸಿಗಳು ಸರಿಯಾಗಿದ್ದವು, ಕನ್ನಡಿ ಸರಿಯಾಗಿತ್ತು. ತೊಟ್ಟಿಲ ಸಾಲು ಬಂತು. ದಾವಲಸಾಬರ ಸಣ್ಣ, ದುಂಡಗಿನ ಅಕ್ಷರ:

"ತೊಟ್ಟಿಲು ಒಂದು. ಒಳಗೆ ಹೆಣ್ಣುಕೂಸು, ಹನ್ನೊಂದು ದಿನದ್ದು. ಎಚ್ಚರಿದೆ. ವಿಮೆಗೆ ಸೇರಿಲ್ಲ."

ಹನ್ನೊಂದು ಎಂದು ಗಿರಿಜಾ ಹೇಳಿದ್ದಳು. ಹೆಣ್ಣು ಎಂದು ಯಾರೂ ಹೇಳಿರಲಿಲ್ಲ. ಎಚ್ಚರಿದೆ ಎಂದು ಯಾರು ಹೇಳಲು ಸಾಧ್ಯ? ಎಷ್ಟೋ ವರ್ಷಗಳ ಮೇಲೆ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ದಾವಲಸಾಬರು ಸಿಕ್ಕಾಗ ಚಹಾ ಕುಡಿಸಿ, ಧೈರ್ಯ ಮಾಡಿ ಕೇಳಿದೆ. ನಾನು ನೋಡಿದ್ದನ್ನು ಬರೆದೆ ಎಂದರು. ಅಲ್ಲಿದ್ದದ್ದು ಏನೆಂದು ಹೇಳಿಬಿಡಲೇ ಎಂದುಕೊಂಡೆ. ಅವರು ಬಸಿಗೆ ಚಹಾ ಸುರಿದುಕೊಂಡು, ನಿಮ್ಮ ಮಗಳು ಈಗ ದೊಡ್ಡವಳಾಗಿರಬೇಕು ಎಂದರು. ನಾನು ಹೌದ್ರಿ ಎಂದೆ.

ಅಂದು ಅಂಗಳದಲ್ಲಿ ಆ ಸಾಲಿನ ಮೇಲೆ ನನ್ನ ಪೆನ್ನು ನಿಂತಿತು. ಅದನ್ನು ಬಿಟ್ಟು ಯಾದಿಯಲ್ಲಿ ಹಿಂದಕ್ಕೆ ಹೋದೆ. ಅರೆಯುವ ಕಲ್ಲು ಒಂದು, ಗುಂಡು ಸಹಿತ. ಕಲ್ಲು ಗೋಡೆಗೆ ಆತು ಕೂತಿತ್ತು. ಗಿರಿಜಾ ಕಟ್ಟೆಯ ಮೇಲೆ ಗಂಟು ಹಿಡಿದು ಕೂತಿದ್ದಳು. ಅವಳ ಹತ್ತಿರ ಹೋಗಿ, ಅದನ್ನು ಕೊಡು, ತಾಳೆ ಹಾಕಬೇಕು ಎಂದೆ. ಅವಳು ಗಂಟನ್ನು ಮಡಿಲಲ್ಲಿಟ್ಟು ಕೌದಿಯ ಪದರನ್ನು ಒಂದೊಂದಾಗಿ ಬಿಚ್ಚಿದಳು.

ಒಳಗೆ ಎರೆಮಣ್ಣಿತ್ತು. ಕರ್ರಗೆ, ಹಸಿಯಾಗಿ, ಎರಡು ಬೊಗಸೆಗಿಂತ ಹೆಚ್ಚು.

"ಗುಂಡು ಅಲ್ಲೇ ಇಟ್ಟ ಬಂದೀನ್ರಿ, ಅಕಿ ಮ್ಯಾಲೆ," ಎಂದಳು ಗಿರಿಜಾ. "ಅಕೀಗೆ ಅದನ್ನ ಹಾಕೂದು ಆಗಿದ್ದಿಲ್ಲ. ಅದನ್ನ ಅಲ್ಲಿ ಇಟ್ಟು, ಅಕೀನ್ನ ಎತಗೊಂಡು ಬಂದೆ. ಹೆಸರೂ ಇಟ್ಟ ಬಂದೀನಿ."

ಅವ್ವ ಕೆಲಸ ಬಿಟ್ಟು ನಿಂತಿದ್ದಳು. ಅವಳ ಅತ್ತೆಯ ಕಾಲದಿಂದ ಬಂದ ಗುಂಡು ಅದು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಂದು ಗಿರಿಜಾಳ ಬಾಜು ಕೂತು, ಕೌದಿಯ ಅಂಚಿನಿಂದ ಉದುರಿದ ನಾಲ್ಕು ಹರಳು ಮಣ್ಣನ್ನು ಬೆರಳಿನಿಂದ ಬಳಿದು ಒಳಗೆ ಹಾಕಿದಳು.

ಏನು ಹೆಸರಿಟ್ಟಿ ಎಂದು ಕೇಳಿದೆ. ಗಿರಿಜಾ ನನ್ನ ಕಿವಿಯಲ್ಲಿ ಹೇಳಿದಳು. ಅವಳ ತಾಯಿಯ ಹೆಸರು, ನೀಲವ್ವ. ನಾನೂ ಪಿಸುಮಾತಿನಲ್ಲೇ ಅದನ್ನು ತಿರುಗಿ ಅಂದೆ.

"ದನಿ ತಗದ ಕರೀರಿ," ಎಂದಳು ಗಿರಿಜಾ. "ಅಪ್ಪ ಆದಾಂವ ಒಮ್ಮೆರೆ ಕರೀಬೇಕಿಲ್ಲ?"

ಕರೆದೆ. ನಿನ್ನೆ ಮಧ್ಯಾಹ್ನದಿಂದ ಹೂತುಹೋಗಿದ್ದ ದನಿ ಹರಿದು ಹೊರಗೆ ಬಂತು, ಹಿತ್ತಿಲ ಮರದಲ್ಲಿದ್ದ ಹಕ್ಕಿಗಳು ಎದ್ದವು. ಗಿರಿಜಾ ಕೌದಿಯ ಮೇಲೆ ಬಗ್ಗಿ ಅಳತೊಡಗಿದಳು. ಹತ್ತು ತಿಂಗಳ ಅಳು. ನಾನೂ ಅತ್ತೆ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಚಾಲಕನಿಗೆ ಕತ್ತಲಾಗುವ ಮೊದಲು ಹುಬ್ಬಳ್ಳಿ ಮುಟ್ಟಬೇಕಿತ್ತು. ಅವನು ದೂರದಲ್ಲೇ ನಿಂತು, ಏನಾದರೂ ಕಡಿಮೆ ಬಿದ್ದಿದ್ದರೆ ಬರೆಯಿರಿ, ಇಲ್ಲದಿದ್ದರೆ ಸಹಿ ಮಾಡಿರಿ ಎಂದ. ಒಂದು ಗುಂಡುಕಲ್ಲು ಕಡಿಮೆ ಇತ್ತು. ಎರಡನೆಯ ನಮೂನೆಯ ವಿಮೆ, ಕೇಳಿದ್ದರೆ ಕೊಡುತ್ತಿದ್ದರು. ನಾನು ತೊಟ್ಟಿಲ ಸಾಲಿಗೆ ಹೋಗಿ, ಹೆಣ್ಣುಕೂಸು ಎಂದಿದ್ದಲ್ಲಿ ಮೇಲೆ ನೀಲವ್ವ ಎಂದು ಬರೆದೆ. ಮುಂದೆ, ಮುಟ್ಟಿದ್ದಾಳೆ ಎಂದು ಗುರುತು ಹಾಕಿದೆ. ಕಡಿಮೆ ಬಿದ್ದ ಸಾಮಾನು ಎಂಬಲ್ಲಿ ಏನೂ ಇಲ್ಲ ಎಂದು ಬರೆದು ಸಹಿ ಮಾಡಿಕೊಟ್ಟೆ.